ಅನ್ನ ಹಾಕಿದ ಮಾತ್ರಕ್ಕೆ ನಾಯಿ ಸಾಕಿದಂತಲ್ಲ: ಮನೆ, ಅಂಗಡಿ, ತೋಟದಲ್ಲಿ ನಾಯಿ ಇರುವವರು ತಿಳಿದಿರಬೇಕಾದ್ದು

ತುಮಕೂರು: ಜಿಲ್ಲೆಯ ಯಾವ ತಾಲ್ಲೂಕಿನ ಬಸ್ ಸ್ಟ್ಯಾಂಡ್ ರಸ್ತೆಗೆ ಹೋದರೂ ಅಂಗಡಿ ಮುಂದೆ ಒಂದು ನಾಯಿ ಮಲಗಿರುತ್ತೆ. ಬೆಳಿಗ್ಗೆ ಬನ್ನು ಹಾಕೋದು ಟೀ ಅಂಗಡಿಯವರು, ಮಧ್ಯಾಹ್ನ ಮಿಕ್ಕಿದ್ದು ಹಾಕೋದು ಹೋಟೆಲಿನವರು, ರಾತ್ರಿ ಅದು ಕಾಯೋದು ಪಕ್ಕದ ಹಾರ್ಡ್‌ವೇರ್ ಅಂಗಡಿ. ‘ಯಾರದ್ದು ಈ ನಾಯಿ?’ ಅಂತ ಕೇಳಿದರೆ ಮೂವರೂ ‘ನಮ್ಮದಲ್ಲ’ ಅಂತಾರೆ. ತೋಟದ ಮನೆಗಳಲ್ಲೂ ಇದೇ ಕತೆ. ಹೆಸರಿಟ್ಟಿರುತ್ತಾರೆ, ಮುದ್ದೆ ಹಾಕುತ್ತಾರೆ, ಆದರೆ ಇಂಜೆಕ್ಷನ್ ಯಾವಾಗ ಹಾಕಿಸಿದ್ದು ಅಂದ್ರೆ ಉತ್ತರ ಇರಲ್ಲ.

ಅರ್ಧ ಸಾಕಿದ ಇಂಥ ನಾಯಿಗಳೇ ಊರಿಗೆ ದೊಡ್ಡ ಅಪಾಯ. ಜನರ ಮಧ್ಯೆ ಓಡಾಡ್ತವೆ, ಮಕ್ಕಳು ಮೈ ಮುಟ್ಟುತ್ತವೆ, ಆದರೆ ಅವುಗಳ ಹೊಣೆ ಮಾತ್ರ ಯಾರದ್ದೂ ಅಲ್ಲ. ಹೊಣೆ ಹೊತ್ತುಕೊಳ್ಳೋದು ಅಂದ್ರೆ ಏನು, ಎಷ್ಟು ಕೆಲಸ, ಯಾವಾಗ ಏನು ಮಾಡಬೇಕು ಅನ್ನೋದರ ಪೂರ್ತಿ ಮಾಹಿತಿ ಇಲ್ಲಿದೆ.

ಮೊದಲು ರೇಬೀಸ್ ವಿಷಯ

ರೇಬೀಸ್ ಅಂದ್ರೆ ನಮ್ಮ ಕಡೆ ಹುಚ್ಚುನಾಯಿ ರೋಗ ಅಂತಾರಲ್ಲ, ಅದು. ರೋಗ ಬಂದ ಪ್ರಾಣಿಯ ಜೊಲ್ಲಿನಲ್ಲಿ ವೈರಸ್ ಇರುತ್ತದೆ. ಕಚ್ಚಿದಾಗ, ಪರಚಿದಾಗ ಅಥವಾ ಗಾಯ ನೆಕ್ಕಿದಾಗ ಅದು ಮೈ ಸೇರಿ, ನರಗಳ ಮೂಲಕ ಮೆದುಳಿಗೆ ಹೋಗುತ್ತದೆ. ಸಾಮಾನ್ಯವಾಗಿ ಎರಡು ಮೂರು ತಿಂಗಳಲ್ಲಿ ಲಕ್ಷಣ ಕಾಣಿಸಿಕೊಳ್ಳುತ್ತದೆ. ಕೆಲವರಿಗೆ ಒಂದೇ ವಾರದಲ್ಲಿ, ಕೆಲವರಿಗೆ ವರ್ಷವಾದ ಮೇಲೂ ಬರಬಹುದು. ಲಕ್ಷಣ ಶುರುವಾದ ಮೇಲೆ ಬದುಕಿದವರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 59,000 ಜನ ರೇಬೀಸ್‌ನಿಂದ ಸಾಯುತ್ತಾರೆ. ಮನುಷ್ಯರಿಗೆ ಬರುವ ರೇಬೀಸ್‌ನಲ್ಲಿ ಶೇ 99ರಷ್ಟು ನಾಯಿಗಳಿಂದಲೇ. ಸತ್ತವರಲ್ಲಿ ಮಕ್ಕಳೂ ಬಹಳ. ಮಕ್ಕಳು ಗಿಡ್ಡ ಇರೋದರಿಂದ ಮುಖ, ಕುತ್ತಿಗೆಗೆ ಕಡಿತ ಬೀಳುತ್ತದೆ. ಅಲ್ಲಿಂದ ಮೆದುಳಿಗೆ ದೂರ ಕಡಿಮೆ. ಬೈತಾರೆ ಅಂತ ಮನೆಯಲ್ಲಿ ಹೇಳದೇ ಮುಚ್ಚಿಡೋ ಮಕ್ಕಳೂ ಇದ್ದಾರೆ.

ಇಷ್ಟು ದೊಡ್ಡ ರೋಗಕ್ಕೆ ತಡೆ ಮಾತ್ರ ತುಂಬ ಸಣ್ಣದು: ನಾಯಿಗೆ ವರ್ಷಕ್ಕೊಂದು ಇಂಜೆಕ್ಷನ್.

ನಾಯಿಗೆ ರೇಬೀಸ್ ಬಂದಿದೆ ಅಂತ ಅನುಮಾನ ಪಡಬೇಕಾದ ಲಕ್ಷಣಗಳು:

- ಬೊಗಳುವ ದನಿ ಬದಲಾಗೋದು
- ಜೊಲ್ಲು ಸುರಿಯೋದು, ಕೆಳದವಡೆ ಜೋತುಬೀಳೋದು
- ಕಾರಣ ಇಲ್ಲದೆ ಕಲ್ಲು, ಕಡ್ಡಿ, ಸಿಕ್ಕಿದವರಿಗೆಲ್ಲ ಬಾಯಿ ಹಾಕೋದು
- ನಡಿಗೆ ತೂರಾಡೋದು, ಹಿಂಗಾಲು ಎಳೆಯೋದು
- ಮಂಕಾಗಿ ಕತ್ತಲೆ ಮೂಲೆಯಲ್ಲಿ ಸೇರಿಕೊಳ್ಳೋದು

ಕೊನೆಯದನ್ನು ಜನ ಗಮನಿಸೋದೇ ಇಲ್ಲ. ರೇಬೀಸ್ ಬಂದ ನಾಯಿ ಅಂದ್ರೆ ಅಟ್ಟಿಸಿಕೊಂಡು ಬರುತ್ತೆ ಅಂತ ಅಂದ್ಕೊಂಡಿರ್ತಾರೆ. ಸುಮ್ಮನೆ ಮಂಕು ಹಿಡಿದು ಕೂರುವ ನಾಯಿಯೂ ರೇಬೀಸ್ ನಾಯಿ ಆಗಿರಬಹುದು. ‘ಗಂಟಲಲ್ಲಿ ಮೂಳೆ ಸಿಕ್ಕಿದೆ’ ಅಂತ ಬಾಯಿಗೆ ಕೈ ಹಾಕಲೇಬೇಡಿ. ದೂರದಿಂದ ಕೂಡಿ ಹಾಕಲು ಆದರೆ ಕೂಡಿ ಹಾಕಿ, ಪಶು ಆಸ್ಪತ್ರೆಗೆ ಫೋನ್ ಮಾಡಿ.

ಕಚ್ಚಿದರೆ ತಕ್ಷಣ ಏನು ಮಾಡಬೇಕು?

1. ಗಾಯವನ್ನು ನಲ್ಲಿ ಕೆಳಗೆ ಹಿಡಿದು ಸೋಪು ಹಾಕಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡೇ ತೊಳೆಯಿರಿ. ಬಟ್ಟೆ ಸೋಪಾದರೂ ಸರಿ.
2. ಅರಿಶಿನ, ಸುಣ್ಣ, ಕಾರದಪುಡಿ, ಕಾಫಿಪುಡಿ, ಸೀಮೆಎಣ್ಣೆ ಯಾವುದನ್ನೂ ಹಚ್ಚಬೇಡಿ. ಬಿಗಿಯಾಗಿ ಬಟ್ಟೆ ಕಟ್ಟಬೇಡಿ.
3. ಅವತ್ತೇ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಸರ್ಕಾರಿ ಆಸ್ಪತ್ರೆಯಲ್ಲಿ ರೇಬೀಸ್ ಲಸಿಕೆ ಉಚಿತ. ನಾಟಿ ಔಷಧಿ, ಮಂತ್ರ, ತಾಯತ ಅಂತ ದಿನ ಕಳೆಯಬೇಡಿ.

ಬರೀ ಮುಟ್ಟಿದ್ದರೆ, ಗಾಯವಿಲ್ಲದ ಚರ್ಮ ನೆಕ್ಕಿದ್ದರೆ ಲಸಿಕೆ ಬೇಡ, ತೊಳೆದುಕೊಂಡರೆ ಸಾಕು. ರಕ್ತ ಬಾರದ ಸಣ್ಣ ಪರಚು ಗಾಯಕ್ಕೆ ಲಸಿಕೆ ಬೇಕು. ರಕ್ತ ಬಂದಿದ್ದರೆ ಅಥವಾ ಗಾಯದ ಮೇಲೆ, ಕಣ್ಣು ಬಾಯಿಗೆ ಜೊಲ್ಲು ತಾಗಿದ್ದರೆ ಲಸಿಕೆಯ ಜೊತೆಗೆ ಗಾಯದ ಸುತ್ತಲೇ ಚುಚ್ಚುವ ಇಮ್ಯುನೋಗ್ಲಾಬ್ಯುಲಿನ್ ಅನ್ನೋ ಇಂಜೆಕ್ಷನ್ ಕೂಡ ಬೇಕು. ಲಸಿಕೆ ಕೆಲಸ ಶುರು ಮಾಡೋಕೆ ಕೆಲವು ದಿನ ಹಿಡಿಯುತ್ತೆ. ಅಲ್ಲಿವರೆಗೆ ಕಾಯೋದು ಇದೇ ಇಂಜೆಕ್ಷನ್. ಹಾಗಾಗಿ ‘ಗಾಯಕ್ಕೆ ಹಾಕೋದು ಇದೆಯಾ ಡಾಕ್ಟ್ರೇ’ ಅಂತ ಕೇಳಿ.

ಹೊಕ್ಕಳ ಸುತ್ತ 14 ಇಂಜೆಕ್ಷನ್ ಅನ್ನೋ ಹೆದರಿಕೆ ಹಳೇ ಕಾಲದ್ದು. ಆ ಲಸಿಕೆ ನಿಂತು ಎಷ್ಟೋ ವರ್ಷ ಆಯಿತು. ಈಗ ತೋಳಿನ ಚರ್ಮಕ್ಕೆ ಹಾಕುವುದಾದರೆ ಮೊದಲ ದಿನ, ನಂತರ 3, 7, 28ನೇ ದಿನ. ಸ್ನಾಯುವಿಗೆ ಹಾಕುವುದಾದರೆ ಇದರ ಜೊತೆ 14ನೇ ದಿನವೂ ಸೇರುತ್ತದೆ. ಎರಡು ಹಾಕಿಸಿಕೊಂಡು ‘ಏನೂ ಆಗಿಲ್ಲ’ ಅಂತ ಬಿಡುವವರಿದ್ದಾರೆ. ಹಾಗೆ ಬಿಡಬೇಡಿ.

ಕಚ್ಚಿದ ನಾಯಿಯನ್ನು ಹೊಡೆದು ಸಾಯಿಸಬೇಡಿ. 10 ದಿನ ಕಟ್ಟಿಹಾಕಿ ನೋಡಬೇಕು. 10 ದಿನ ಚೆನ್ನಾಗಿದ್ದರೆ ಕಚ್ಚಿದ ಹೊತ್ತಿಗೆ ಅದರ ಜೊಲ್ಲಿನಲ್ಲಿ ವೈರಸ್ ಇರಲಿಲ್ಲ ಅಂತ ಅರ್ಥ. ಸಾಯಿಸಿಬಿಟ್ಟರೆ ಅದು ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ. ಆದರೆ ಲಸಿಕೆಗೆ 10 ದಿನ ಕಾಯುವಂತಿಲ್ಲ. ಮೊದಲ ದಿನವೇ ಶುರು ಮಾಡಿ, ಮುಂದೆ ಏನು ಅಂತ ಡಾಕ್ಟರ್ ಹೇಳುತ್ತಾರೆ.

ನಾಯಿಗೆ ಯಾವ ವಯಸ್ಸಿನಲ್ಲಿ ಯಾವ ಲಸಿಕೆ?

- 6ರಿಂದ 8 ವಾರ: ಪಾರ್ವೊ, ಡಿಸ್ಟೆಂಪರ್, ಇಲಿಜ್ವರ ಮುಂತಾದವುಗಳ ವಿರುದ್ಧದ ಮಿಶ್ರ ಲಸಿಕೆ ಶುರು
- ನಂತರ 3-4 ವಾರಕ್ಕೊಮ್ಮೆ, 16 ವಾರ ಆಗುವವರೆಗೆ: ಅದರ ಬೂಸ್ಟರ್
- 3 ತಿಂಗಳು: ರೇಬೀಸ್ ಮೊದಲ ಲಸಿಕೆ, ಡಾಕ್ಟರ್ ಹೇಳಿದಂತೆ ಬೂಸ್ಟರ್
- ಆಮೇಲೆ: ಪ್ರತಿ ವರ್ಷ ತಪ್ಪದೆ

ಮರಿಗಳ ಪಾಲಿಗೆ ಯಮ ಅಂದ್ರೆ ಪಾರ್ವೊ. ವಾಂತಿ, ರಕ್ತ ಬೆರೆತ ಕೆಟ್ಟ ವಾಸನೆಯ ಭೇದಿ ಶುರುವಾಗಿ ಎರಡು ಮೂರು ದಿನದಲ್ಲೇ ಮರಿ ಸಾಯುತ್ತೆ. ಡ್ರಿಪ್ ಹಾಕಿಸಿದರೆ ಉಳಿಯುವ ಅವಕಾಶ ಇದೆ, ‘ನಾಳೆ ನೋಡೋಣ’ ಅಂದ್ರೆ ಇಲ್ಲ. ಈ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಹಾಗಾಗಿ ಲಸಿಕೆ ಮುಗಿಯದ ಮರಿಯನ್ನು ರಸ್ತೆಗೆ ಬಿಡಬೇಡಿ. ಹಿಂದಿನ ಮರಿ ಪಾರ್ವೊದಿಂದ ಸತ್ತ ಜಾಗಕ್ಕೆ ತಕ್ಷಣ ಹೊಸ ಮರಿ ತರಬೇಡಿ.

ಪ್ರತಿ ವರ್ಷ ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆ ಸಮಯದಲ್ಲಿ ಪಶುಪಾಲನಾ ಇಲಾಖೆಯವರು ಹಲವು ಕಡೆ ಉಚಿತ ರೇಬೀಸ್ ಲಸಿಕೆ ಶಿಬಿರ ಮಾಡುತ್ತಾರೆ. ನಿಮ್ಮೂರಿನ ಪಶು ಆಸ್ಪತ್ರೆಯಲ್ಲಿ ತಿಂಗಳು ಮುಂಚೆಯೇ ವಿಚಾರಿಸಿಕೊಳ್ಳಿ. ಲಸಿಕೆ ಹಾಕಿಸಿದ ಮೇಲೆ ಕಾರ್ಡು ಕೇಳಿ ತಗೊಳ್ಳಿ. ಕಾರ್ಡಿನ ಫೋಟೊ ಮೊಬೈಲಲ್ಲಿ ಇಟ್ಟುಕೊಳ್ಳಿ.

ಅಂಗಡಿ ಸಾಲಿನವರಿಗೆ ಒಂದು ಸುಲಭ ದಾರಿ: ಅನ್ನ ಹಾಕುವ ಮೂರು ನಾಲ್ಕು ಅಂಗಡಿಯವರು ಖರ್ಚು ಹಂಚಿಕೊಳ್ಳಿ, ಒಬ್ಬರು ಮಾತ್ರ ಹೆಸರು ಕೊಟ್ಟು ಕಾರ್ಡು ಮಾಡಿಸಿ. ನಾಯಿ ಯಾರ ಮಾತು ಕೇಳುತ್ತೋ ಅವರೇ ಹಿಡಿದುಕೊಂಡರೆ ಇಂಜೆಕ್ಷನ್‌ಗೆ ಒಂದು ನಿಮಿಷವೂ ಬೇಡ.

ಉಣ್ಣೆ, ಜಂತುಹುಳು

ಮಳೆಗಾಲದಲ್ಲಿ ನಾಯಿಗಳಿಗೆ ಉಣ್ಣೆ (ಉಣುಗು) ಕಾಟ ವಿಪರೀತ. ರಕ್ತ ಹೀರೋದಷ್ಟೇ ಅಲ್ಲ, ಜ್ವರದ ರೋಗಾಣುಗಳನ್ನೂ ಅವು ನಾಯಿಯ ಮೈಗೆ ಬಿಡುತ್ತವೆ. ಊಟ ಬಿಡೋದು, ಸುಸ್ತು, ವಸಡು ಬಿಳಿಚಿಕೊಳ್ಳೋದು, ಮೂಗಲ್ಲಿ ರಕ್ತ, ಕಾಫಿ ಬಣ್ಣದ ಮೂತ್ರ ಕಂಡರೆ ಉಣ್ಣೆ ಜ್ವರ ಇರಬಹುದು. ರಕ್ತ ಪರೀಕ್ಷೆ ಮಾಡಿಸಿ ಬೇಗ ಔಷಧಿ ಕೊಟ್ಟರೆ ವಾಸಿಯಾಗುತ್ತೆ.

ಇಲ್ಲಿ ಆಗುವ ದೊಡ್ಡ ತಪ್ಪು ಅಂದ್ರೆ ಬೆಳೆಗೆ ಹೊಡೆಯುವ ಔಷಧಿಯನ್ನು ನೀರಿಗೆ ಬೆರೆಸಿ ನಾಯಿಗೆ ಸುರಿಯೋದು. ದನಕ್ಕೆ ಹಾಕುವ ಉಣ್ಣೆ ಔಷಧಿಯನ್ನು ಅಳತೆ ಇಲ್ಲದೆ ಬಳಸೋದೂ ಇದೆ. ನಾಯಿ ಮೈ ನೆಕ್ಕಿಕೊಳ್ಳುತ್ತೆ, ವಿಷ ಹೊಟ್ಟೆಗೆ ಹೋಗುತ್ತೆ. ಜೊಲ್ಲು ಸುರಿಸಿ, ನಡುಗಿ, ಫಿಟ್ಸ್ ಬಂದು ಸಾಯುತ್ತೆ. ಗೊಬ್ಬರ, ಔಷಧಿ ಅಂಗಡಿಯವರು ‘ನಾಯಿಗೆ’ ಅಂತ ಕೇಳಿದವರಿಗೆ ಬೆಳೆ ಔಷಧಿ ಕೊಡದೆ ಪಶು ಆಸ್ಪತ್ರೆಗೆ ಕಳಿಸಿದರೆ ದೊಡ್ಡ ಉಪಕಾರ. ನಾಯಿಗೆಂದೇ ಇರುವ ಮಾತ್ರೆ, ಕುತ್ತಿಗೆಗೆ ಹಾಕುವ ಹನಿ, ಪೌಡರ್ ಸಿಗುತ್ತವೆ. ನಾಯಿಯ ತೂಕ ಹೇಳಿ ಡಾಕ್ಟರ್ ಹತ್ತಿರ ಬರೆಸಿಕೊಳ್ಳಿ. ಮಲಗುವ ಗೋಣಿಚೀಲ, ಗೋಡೆ ಬಿರುಕು ಸ್ವಚ್ಛ ಮಾಡದಿದ್ದರೆ ಎಷ್ಟು ಔಷಧಿ ಹಾಕಿದರೂ ಉಣ್ಣೆ ವಾಪಸ್ ಬರುತ್ತೆ.

ಜಂತುಹುಳು ಔಷಧಿ ಮರಿಗಳಿಗೆ ಮೂರು ತಿಂಗಳವರೆಗೆ 15 ದಿನಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ. ನಾಯಿ ಹೇಲಿನಲ್ಲಿರುವ ಹುಳದ ಮೊಟ್ಟೆ ಮಣ್ಣಿನಿಂದ ಮಕ್ಕಳ ಹೊಟ್ಟೆಗೂ ಹೋಗುತ್ತವೆ. ಹಾಗಾಗಿ ಇದು ನಾಯಿಯ ಆರೋಗ್ಯದ ವಿಷಯ ಮಾತ್ರ ಅಲ್ಲ. ವಾಕಿಂಗ್ ಕರೆದುಕೊಂಡು ಹೋಗುವವರು ಪೇಪರ್ ಅಥವಾ ಕವರ್ ಜೊತೆಗಿಟ್ಟುಕೊಂಡು ಅಲ್ಲಲ್ಲೇ ಎತ್ತಿ ಹಾಕಬೇಕು. ಬೇರೆಯವರ ಬಾಗಿಲಲ್ಲಿ ಮಾಡಿಸೋದು ಜಗಳಕ್ಕೂ ದಾರಿ, ರೋಗಕ್ಕೂ ದಾರಿ.

ಊಟ: ಏನು ಹಾಕಬೇಕು, ಏನು ಹಾಕಬಾರದು

ದುಬಾರಿ ಪ್ಯಾಕೆಟ್ ಆಹಾರವೇ ಆಗಬೇಕು ಅಂತಿಲ್ಲ. ರಾಗಿ ಮುದ್ದೆ, ಅನ್ನ ಹಾಕಬಹುದು. ಆದರೆ ಬರೀ ಹಾಲು ಅನ್ನ ಸಾಲದು, ನಾಯಿಗೆ ಪ್ರೋಟೀನ್ ಬೇಕು. ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಕೋಳಿ ಮಾಂಸ, ಮಾಂಸ ತಿನ್ನದ ಮನೆಯವರಾದರೆ ಮೊಟ್ಟೆ, ಮೊಸರು, ಬೇಯಿಸಿದ ಬೇಳೆ, ಪನೀರ್ ಕೊಡಿ. ಉಪ್ಪು, ಕಾರ, ಮಸಾಲೆ ಬೇಡ. ದೊಡ್ಡ ನಾಯಿಗಳಿಗೆ ಹಾಲು ಆಗಿಬರದೆ ಭೇದಿ ಆಗೋದುಂಟು. ಬೆಳೆದ ನಾಯಿಗೆ ದಿನಕ್ಕೆ ಎರಡು ಹೊತ್ತು ಸಾಕು. ನೀರು ಮಾತ್ರ ದಿನವಿಡೀ ಇರಬೇಕು.

ಹಾಕಬಾರದ್ದು:

- ಚಾಕೊಲೇಟ್, ಕಾಫಿ, ಟೀ
- ಈರುಳ್ಳಿ, ಬೆಳ್ಳುಳ್ಳಿ (ನಾಯಿಯ ರಕ್ತಕಣ ಹಾಳು ಮಾಡುತ್ತವೆ)
- ದ್ರಾಕ್ಷಿ, ಒಣದ್ರಾಕ್ಷಿ (ಕಿಡ್ನಿಗೆ ಹೊಡೆತ)
- ಬೇಯಿಸಿದ ಕೋಳಿ ಮೂಳೆ (ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ)
- ಸಕ್ಕರೆ ಬದಲು ಜೈಲಿಟಾಲ್ ಹಾಕಿದ ಚ್ಯೂಯಿಂಗ್ ಗಮ್, ಮಿಠಾಯಿ

ಹೋಟೆಲಿನವರು ಗಮನಿಸಿ: ಮಿಕ್ಕಿದ ಬಿರಿಯಾನಿಯಲ್ಲಿ ಈರುಳ್ಳಿಯೂ ಇದೆ, ಬೆಂದ ಮೂಳೆಯೂ ಇದೆ, ಕಾರವೂ ಇದೆ. ನಾಯಿಗೆ ಹಾಕಲೇಬೇಕು ಅನಿಸಿದರೆ ಬಿಳಿ ಅನ್ನ, ಇಡ್ಲಿ, ಚಪಾತಿ ಹಾಕಿ.

ಮನೆಯಲ್ಲಿರೋ ಜ್ವರದ ಮಾತ್ರೆಯನ್ನು ನಾಯಿಗೆ ಕೊಡಬೇಡಿ. ಪ್ಯಾರಸಿಟಮಾಲ್, ಐಬುಪ್ರೊಫೇನ್ ಎರಡೂ ನಾಯಿಗೆ ವಿಷವಾಗಬಹುದು. ದಿನಸಿ ಅಂಗಡಿ, ಗೋಡೌನ್‌ನಲ್ಲಿ ಇಲಿ ಪಾಷಾಣ ಇಟ್ಟರೆ ನಾಯಿ ಬಾಯಿಗೆ ಸಿಗದ ಹಾಗೆ ಇಡಿ. ಕೆಲವು ಇಲಿ ಪಾಷಾಣ ತಿಂದ ನಾಯಿ ಎರಡು ಮೂರು ದಿನ ಚೆನ್ನಾಗಿಯೇ ಇದ್ದು ಆಮೇಲೆ ಒಳಗೊಳಗೇ ರಕ್ತಸ್ರಾವವಾಗಿ ಸಾಯುತ್ತೆ. ತಿಂದಿದ್ದು ಗೊತ್ತಾದ ಕೂಡಲೇ ಪಾಷಾಣದ ಪ್ಯಾಕೆಟ್ ಸಮೇತ ಪಶು ಆಸ್ಪತ್ರೆಗೆ ಹೋಗಿ. ಹೆಸರು ಗೊತ್ತಾದರೆ ಡಾಕ್ಟರಿಗೆ ಔಷಧಿ ಗೊತ್ತಾಗುತ್ತೆ.

ಕಟ್ಟೋದು, ಬಿಡೋದು

ಹಗಲು ರಾತ್ರಿ ಮೊಳದುದ್ದದ ಚೈನಿನಲ್ಲಿ ಕಟ್ಟಿಹಾಕಿದ ನಾಯಿ ಚುರುಕು ಕಾವಲು ನಾಯಿ ಆಗಲ್ಲ, ರೋಷದ ನಾಯಿ ಆಗುತ್ತೆ. ಓಡಾಟ ಇಲ್ಲ, ಜನರ ಪರಿಚಯ ಇಲ್ಲ ಅಂದ ಮೇಲೆ ಚೈನು ಕಳಚಿದ ದಿನ ಮೊದಲು ಸಿಕ್ಕವರಿಗೆ ಬಾಯಿ ಹಾಕುತ್ತೆ. ಹಾಗಂತ ಕಾಂಪೌಂಡ್ ಗೇಟು ತೆಗೆದು ಬಿಟ್ಟುಬಿಡೋದೂ ಸರಿಯಲ್ಲ. ಬೈಕ್ ಹಿಂದೆ ಓಡಿ ಬೀಳಿಸಿದರೆ ಹೋಗೋದು ಮನುಷ್ಯರ ಪ್ರಾಣ. ದಿನಕ್ಕೆ ಎರಡು ಸಲ, ಅರ್ಧ ಅರ್ಧ ಗಂಟೆ, ಹಗ್ಗ ಹಿಡಿದು ಓಡಾಡಿಸಿ. ಕಟ್ಟಿರುವಾಗ ನೆರಳು, ನೀರು, ಎದ್ದು ತಿರುಗಾಡುವಷ್ಟು ಉದ್ದದ ಹಗ್ಗ ಇರಲಿ. ಬೆಲ್ಟಿನ ಮೇಲೆ ಫೋನ್ ನಂಬರ್ ಬರೆಸಿ.

ಬೇಸಿಗೆ: ನಾಯಿಗೆ ನಮ್ಮ ಹಾಗೆ ಮೈಯೆಲ್ಲಾ ಬೆವರು ಬರಲ್ಲ, ತೇಕುತ್ತಲೇ ಮೈ ತಂಪು ಮಾಡಿಕೊಳ್ಳಬೇಕು. ಮಾರ್ಚ್‌ನಿಂದ ಮೇ ತನಕ ತಗಡಿನ ಶೆಡ್ಡಿನಲ್ಲಿ, ಮುಚ್ಚಿದ ಕಾರಿನಲ್ಲಿ ಬಿಡಬೇಡಿ. ವಿಪರೀತ ತೇಕು, ತೂರಾಟ, ಕೆಂಪು ನಾಲಿಗೆ ಕಂಡರೆ ನೆರಳಿಗೆ ತಂದು ಮೈಗೆ ನೀರು ಹಾಕಿ, ಫ್ಯಾನ್ ಹಚ್ಚಿ, ಆಸ್ಪತ್ರೆಗೆ ಹೊರಡಿ. ವಾಕಿಂಗ್‌ಗೆ ಮುಂಚೆ ಅಂಗೈ ಹಿಂಭಾಗವನ್ನು ಡಾಂಬರಿನ ಮೇಲೆ ಇಟ್ಟು ನೋಡಿ. ನಿಮಗೆ ಸುಟ್ಟರೆ ಅದರ ಪಾದಕ್ಕೂ ಸುಡುತ್ತೆ.

ಚಿರತೆ: ನಮ್ಮ ಜಿಲ್ಲೆಯ ತೋಟ, ಗುಡ್ಡದ ಸಾಲಿನಲ್ಲಿ ಚಿರತೆ ಹೊಸದೇನಲ್ಲ. ನಾಯಿ ಅದಕ್ಕೆ ಸುಲಭದ ಊಟ. ರಾತ್ರಿ ಅಂಗಳದಲ್ಲಿ ಕಟ್ಟಿದ ನಾಯಿಗೆ ಓಡೋಕೂ ಆಗಲ್ಲ. ನಾಯಿ ಹುಡುಕಿಕೊಂಡು ಬಂದ ಚಿರತೆ ಮನೆ ಬಾಗಿಲಿಗೇ ಬಂದಂತೆ. ಕತ್ತಲಾದ ಮೇಲೆ ಬಾಗಿಲಿರುವ ಗಟ್ಟಿ ಗೂಡಿನಲ್ಲಿ ಅಥವಾ ಮನೆ ಒಳಗೆ ಮಲಗಿಸಿ.

ಹಬ್ಬದ ಶಬ್ದ: ದೀಪಾವಳಿ ಪಟಾಕಿ, ಗಣಪತಿ ಮೆರವಣಿಗೆಯ ಡಿಜೆಗೆ ಹೆದರಿ ಓಡಿಹೋಗುವ ನಾಯಿಗಳು ಬಹಳ. ಆ ಸಂಜೆ ಮೊದಲೇ ಓಡಾಡಿಸಿ, ಒಳಕೋಣೆಯಲ್ಲಿ ಬಿಟ್ಟು ಕಿಟಕಿ ಮುಚ್ಚಿ.

ಮರಿ ಬೇಡವಾದರೆ ಆಪರೇಷನ್ ಮಾಡಿಸಿ

ಹೆಣ್ಣುನಾಯಿ ವರ್ಷಕ್ಕೆ ಸಾಮಾನ್ಯವಾಗಿ ಎರಡು ಸಲ ಬೆದೆಗೆ ಬರುತ್ತೆ. ಗಬ್ಬ ನಿಂತ ಸುಮಾರು 63 ದಿನಕ್ಕೆ ಮರಿ. ಬೇಡದ ಮರಿಗಳನ್ನು ಚೀಲದಲ್ಲಿ ತುಂಬಿ ಸಂತೆ ಮೈದಾನ, ಹೈವೇ ಪಕ್ಕ, ಕೆರೆ ಏರಿ ಮೇಲೆ ಬಿಟ್ಟು ಬರುವವರಿದ್ದಾರೆ. ಬದುಕಿದವು ಮುಂದಿನ ವರ್ಷ ಬೀದಿನಾಯಿ ಆಗುತ್ತವೆ. ಆಮೇಲೆ ‘ಬೀದಿನಾಯಿ ಕಾಟ’ ಅಂತ ಪುರಸಭೆಗೆ ಅರ್ಜಿ ಕೊಡೋದೂ ನಾವೇ.

ಆರು ತಿಂಗಳ ನಂತರ ಡಾಕ್ಟರ್ ಸಲಹೆ ಪಡೆದು ಸಂತಾನಹರಣ ಆಪರೇಷನ್ ಮಾಡಿಸಬಹುದು. ಹೆಣ್ಣಿಗೆ ಮುಂದೆ ಬರುವ ಗರ್ಭಕೋಶದ ಕೀವು ತಪ್ಪುತ್ತದೆ, ಸ್ತನದ ಗಡ್ಡೆಯ ಸಾಧ್ಯತೆ ಕಡಿಮೆಯಾಗುತ್ತದೆ. ಗಂಡುನಾಯಿ ಬೆದೆಯ ಹಿಂದೆ ಊರೂರು ಅಲೆದು ಕಚ್ಚಾಡೋದು ಕಡಿಮೆಯಾಗುತ್ತದೆ. ‘ಒಂದು ಸಲ ಮರಿ ಹಾಕಲೇಬೇಕು’ ಅನ್ನೋದಕ್ಕೆ ಆಧಾರ ಇಲ್ಲ.

ಮರಿ ತರುವ ಮುಂಚೆ

ನಾಯಿ 10ರಿಂದ 15 ವರ್ಷ ಬದುಕುತ್ತೆ. ಮಗು ಕೇಳ್ತು, ರೀಲ್ಸ್‌ನಲ್ಲಿ ಚೆನ್ನಾಗಿತ್ತು ಅಂತ ತರಬೇಡಿ. ಸೈಬೀರಿಯನ್ ಹಸ್ಕಿ, ಸೇಂಟ್ ಬರ್ನಾರ್ಡ್ ಚಳಿ ದೇಶದ ನಾಯಿಗಳು. ಇಲ್ಲಿನ ಏಪ್ರಿಲ್ ಬಿಸಿಲು ಅವಕ್ಕೆ ಹಿಂಸೆ. ಪಗ್‌ನಂಥ ಚಪ್ಪಟೆ ಮೂಗಿನವಕ್ಕೆ ಸೆಕೆಯಲ್ಲಿ ಉಸಿರಾಟವೇ ಕಷ್ಟ. ನಮ್ಮದೇ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಗೆ 2005ರಲ್ಲಿ ಅಂಚೆಚೀಟಿಯೇ ಬಂದಿದೆ. ಆದರೆ ಅದು ಓಡುವ ಬೇಟೆನಾಯಿ. ಬಯಲು ಬೇಕು, ಅಂಗಡಿ ಮೂಲೆಯಲ್ಲಿ ಕಟ್ಟಿದರೆ ಕೊರಗುತ್ತದೆ. ನಾಟಿನಾಯಿ ನಮ್ಮ ಹವೆಗೆ ಒಗ್ಗಿದ್ದು, ಖರ್ಚೂ ಕಡಿಮೆ.

ಎಂಟು ವಾರ ತುಂಬದ ಮರಿಯನ್ನು ತಾಯಿಯಿಂದ ಬಿಡಿಸಬಾರದು. ಅಷ್ಟು ಚಿಕ್ಕ ಮರಿ ಮಾರಾಟ ಮಾಡೋದಕ್ಕೆ 2017ರ ನಾಯಿ ತಳಿ ಅಭಿವೃದ್ಧಿ ಮತ್ತು ಮಾರಾಟ ನಿಯಮದಲ್ಲೂ ಅವಕಾಶ ಇಲ್ಲ.

ಕಾನೂನು ಏನು ಹೇಳುತ್ತೆ?

- 2023ರ ಪ್ರಾಣಿ ಜನನ ನಿಯಂತ್ರಣ ನಿಯಮ: ಸಾಕುಪ್ರಾಣಿಯ ಜಂತು ಔಷಧಿ, ಲಸಿಕೆ, ಸಂತಾನಹರಣದ ಹೊಣೆ ಮಾಲೀಕರದ್ದು.
- ಭಾರತೀಯ ನ್ಯಾಯ ಸಂಹಿತೆ ಕಲಂ 291: ತನ್ನ ಪ್ರಾಣಿಯಿಂದ ಜನರಿಗೆ ಅಪಾಯ ಆಗದಂತೆ ನೋಡಿಕೊಳ್ಳದಿದ್ದರೆ 6 ತಿಂಗಳವರೆಗೆ ಜೈಲು ಅಥವಾ 5,000 ರೂ.ವರೆಗೆ ದಂಡ, ಅಥವಾ ಎರಡೂ.
- ಕಲಂ 325: ಪ್ರಾಣಿಗೆ ವಿಷ ಹಾಕಿದರೆ, ಕೊಂದರೆ, ಊನ ಮಾಡಿದರೆ 5 ವರ್ಷದವರೆಗೆ ಜೈಲು ಅಥವಾ ದಂಡ, ಅಥವಾ ಎರಡೂ.
- 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ: ಅತಿಯಾಗಿ ಕಟ್ಟಿಹಾಕೋದು, ಅನ್ನ ನೀರು ಕೊಡದಿರೋದು, ಸಾಕಿ ಬೀದಿಗೆ ಬಿಡೋದು ಅಪರಾಧ. ಮೊದಲ ಸಲಕ್ಕೆ ದಂಡ ಇನ್ನೂ ಹಳೇ ಕಾಲದ 10ರಿಂದ 50 ರೂ.

ಜನ ಕೇಳುವ ಪ್ರಶ್ನೆಗಳು

*ನಮ್ಮ ನಾಯಿ ಮನೆ ಬಿಟ್ಟು ಹೋಗಲ್ಲ, ಲಸಿಕೆ ಬೇಕಾ?*
ಬೇಕು. ಗೇಟು ತೆರೆದ ಒಂದು ನಿಮಿಷ ಸಾಕು. ಬೆಕ್ಕು, ಮುಂಗುಸಿಯಿಂದಲೂ ರೇಬೀಸ್ ಬರಬಹುದು.

*ಮರಿ ಹಲ್ಲು ತಾಗಿದ್ರೆ ಏನೂ ಆಗಲ್ಲ ಅಲ್ವಾ?*
ಆಗಬಹುದು. ಮರಿಗೂ ರೇಬೀಸ್ ಬರುತ್ತೆ. ತೊಳೆದು ಆಸ್ಪತ್ರೆಗೆ ಹೋಗಿ.

*ಲಸಿಕೆ ಹಾಕಿಸಿದ ನಾಯಿ ಕಚ್ಚಿದರೆ?*
ಆಗಲೂ ತೊಳೆದು ಡಾಕ್ಟರಿಗೆ ತೋರಿಸಿ, ನಾಯಿಯ ಕಾರ್ಡು ಜೊತೆಗೆ ತಗೊಂಡು ಹೋಗಿ.

*ಗರ್ಭಿಣಿ, ಬಾಣಂತಿ ಲಸಿಕೆ ಹಾಕಿಸಿಕೊಳ್ಳಬಹುದಾ?*
ಹಾಕಿಸಿಕೊಳ್ಳಲೇಬೇಕು. ಲಸಿಕೆಯಿಂದ ಮಗುವಿಗೆ ತೊಂದರೆ ಇಲ್ಲ.

*ನಮ್ಮ ನಾಯಿಗೇ, ಹಸುವಿಗೇ ಬೇರೆ ನಾಯಿ ಕಚ್ಚಿದರೆ?*
ಕೈಗವಸು ಹಾಕಿಕೊಂಡು ಸೋಪಿನಿಂದ ಗಾಯ ತೊಳೆಯಿರಿ. ಪ್ರಾಣಿಗಳಿಗೂ ಕಚ್ಚಿದ ಮೇಲೆ ಹಾಕುವ ಲಸಿಕೆ ಕೋರ್ಸ್ ಇದೆ. ಅವತ್ತೇ ಪಶು ಆಸ್ಪತ್ರೆಗೆ ತಿಳಿಸಿ. ಹಸು ಜೊಲ್ಲು ಸುರಿಸಿ ಅರಚುತ್ತಿದ್ದರೆ ಬಾಯಿಗೆ ಕೈ ಹಾಕಬೇಡಿ.

ಗೋಡೆಗೆ ಬರೆದಿಟ್ಟುಕೊಳ್ಳಿ

- ವರ್ಷಕ್ಕೊಮ್ಮೆ: ರೇಬೀಸ್ ಮತ್ತು ಮಿಶ್ರ ಲಸಿಕೆ
- ಮೂರು ತಿಂಗಳಿಗೊಮ್ಮೆ: ಜಂತು ಔಷಧಿ
- ವಾರಕ್ಕೊಮ್ಮೆ: ಕಿವಿ, ಬೆರಳ ಸಂದು, ಕುತ್ತಿಗೆಯಲ್ಲಿ ಉಣ್ಣೆ ಇದೆಯಾ ನೋಡೋದು
- ದಿನಾ: ಎರಡು ಊಟ, ಎರಡು ಸಲ ಓಡಾಟ, ತುಂಬಿದ ನೀರಿನ ಬಟ್ಟಲು
- ಜೀವನದಲ್ಲಿ ಒಮ್ಮೆ: ಆಪರೇಷನ್

ತುರ್ತು ನಂಬರ್‌ಗಳು: ಪಶು ಚಿಕಿತ್ಸೆಗೆ ಸಹಾಯವಾಣಿ 1962, ಮನುಷ್ಯರಿಗೆ ಆಂಬುಲೆನ್ಸ್ 108, ಆರೋಗ್ಯ ಸಲಹೆಗೆ 104.

ನಿಮ್ಮ ನಾಯಿಯ ಕಾರ್ಡಿನಲ್ಲಿ ಕೊನೆಯ ರೇಬೀಸ್ ಲಸಿಕೆಯ ತಾರೀಖು ಯಾವುದು ಅಂತ ಇವತ್ತೇ ನೋಡಿ. ಒಂದು ವರ್ಷ ದಾಟಿದ್ದರೆ ಅಥವಾ ಕಾರ್ಡೇ ಇಲ್ಲದಿದ್ದರೆ ನಾಳೆ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮುಂಚೆ ಪಶು ಆಸ್ಪತ್ರೆಗೆ ಹೋಗಿ ಬನ್ನಿ.